ಪರಿಮಳಯ್ಯ ತಂದ ಅಚ್ಚು

ಒಂದು ಕಾಡಿನಲ್ಲಿ ರಸ್ತೆಯೇ ಇರಲಿಲ್ಲ. ಆದರೂ ಒಂದು ಬಂಡಿಯಿತ್ತು. ಅದು ಎಲ್ಲಿಂದ ಬಂತೆಂದು ಯಾರಿಗೂ ತಿಳಿದಿರಲಿಲ್ಲ. ದಟ್ಟವಾದ ಮಂಜು ಇಳಿದಿದ್ದ ಒಂದು ಬೆಳಗಿನಲ್ಲಿ ಅದು ತಾನಾಗಿಯೇ ಉರುಳಿ ಬಂದು ಹೊಂಗೆಯ ಮರದ ಕೆಳಗೆ ನಿಂತಿತೆಂದು ಹಿರಿಯ ಪ್ರಾಣಿಗಳು ಹೇಳುತ್ತಿದ್ದವು. ವರ್ಷವರ್ಷವೂ ಹೊಂಗೆಯ ಹೂಗಳು ಅದರ ಮೇಲೆ ಉದುರುತ್ತಿದ್ದವು. ದೂರದಿಂದ ನೋಡಿದವರಿಗೆ ಅದು ಬಂಡಿಯೋ ಹೂವಿನ ಹಾಸಿಗೆಯೋ ತಿಳಿಯುತ್ತಿರಲಿಲ್ಲ.

ಬೇಸಿಗೆಯಲ್ಲಿ ಆ ಕಾಡಿನ ಕೆಳಗಿನ ಕೆರೆ ಬತ್ತಿಹೋಗುತ್ತಿತ್ತು. ಮೇಲಿನ ಕೆರೆ ಎಂದೂ ಬತ್ತುತ್ತಿರಲಿಲ್ಲ. ಆದರೆ ನಡುವೆ ಕಲ್ಲುಗುಡ್ಡವಿತ್ತು. ಬಿಸಿಲಿಗೆ ಕಾದ ಆ ಬಂಡೆಗಳ ಮೇಲೆ ಆಮೆಯ ಮರಿಗಳಿಗೆ ನಡೆಯಲಾಗುತ್ತಿರಲಿಲ್ಲ. ಅದಕ್ಕಾಗಿ ಪ್ರಾಣಿಗಳು ಬಂಡಿಯ ಮೇಲೆ ಒಂದು ಕಲ್ಲಿನ ಬಾನಿಯನ್ನು ಕೂರಿಸಿ, ಅದರ ತುಂಬ ನೀರು ತುಂಬಿ, ಮರಿಗಳನ್ನು ಅದರಲ್ಲಿ ಬಿಡುತ್ತಿದ್ದವು. ಮಲ್ಲಾರಿ ಎಂಬ ಕಾಡುಕೋಣ ನೊಗಕ್ಕೆ ಹೆಗಲು ಕೊಡುತ್ತಿದ್ದ. ಪುಟ್ಟದೊಂದು ಕೆರೆಯೇ ಗುಡ್ಡ ಹತ್ತುತ್ತಿದೆಯೆಂಬಂತೆ ಬಂಡಿ ಸಾಗುತ್ತಿತ್ತು. ಬಾನಿಯ ನೀರಿನಲ್ಲಿ ಆಕಾಶವೂ ಜೊತೆಗೆ ಹೊರಡುತ್ತಿತ್ತು.

ಒಂದು ವರ್ಷ ಬಂಡಿಯನ್ನು ಸಜ್ಜುಗೊಳಿಸಲು ಮಲ್ಲಾರಿ ಒಮ್ಮೆ ಎಳೆದ. ‘ಟಪ್’ ಎಂದು ಸದ್ದಾಯಿತು. ಎರಡು ಗಾಲಿಗಳನ್ನು ಕೂಡಿಸಿ ಬಂಡಿಯ ಭಾರವನ್ನೆಲ್ಲ ಹೊರುವ ಅಚ್ಚುಮರ ಮುರಿದಿತ್ತು.

ತಂಗವ್ವ ಎಂಬ ತಾಯಿ ಆಮೆ ಕೆರೆಯ ಅಂಚಿನಿಂದ ಕತ್ತು ಚಾಚಿ ನೋಡಿದಳು. ಅವಳಿಗೆ ಹನ್ನೊಂದು ಮರಿಗಳು. ಕೆರೆಯಲ್ಲಿ ಇನ್ನು ನಾಲ್ಕು ದಿನದ ನೀರು ಮಾತ್ರ ಉಳಿದಿತ್ತು.

“ಅವ್ವಾ, ಮೇಲಿನ ಕೆರೆಗೆ ಮೋಡಗಳು ನೀರು ಕುಡಿಯಲು ಬರುತ್ತವೆ ಎಂದೆಯಲ್ಲ, ಯಾವಾಗ ಹೋಗುವುದು?” ಎಂದು ಒಂದು ಮರಿ ಕೇಳಿತು.

“ಹೋಗೋಣ ಮಗಾ,” ಎಂದಳು ತಂಗವ್ವ. ಆದರೆ ಅವಳ ಕಣ್ಣು ಮುರಿದ ಅಚ್ಚಿನ ಮೇಲೆಯೇ ಇತ್ತು.

ಬಂಡಿಯ ಮರ್ಮ ಬಲ್ಲವಳು ಚಿಪ್ಪಜ್ಜಿ ಎಂಬ ಮುದಿ ಚಿಪ್ಪುಹಂದಿ. ಅವಳು ಮುರಿದ ತುದಿಯನ್ನು ಉಗುರಿನಿಂದ ಕೆರೆದು, ಮೂಸಿ, ನಿಧಾನವಾಗಿ ಹೇಳಿದಳು: “ಇದು ಮತ್ತಿಯ ಮರ. ಹುಲ್ಲುಗಾವಲಿಗೆ ಸಾಕು, ಬಂಡೆಗಲ್ಲಿಗೆ ಸಾಲದು. ಈ ಸಲ ಇನ್ನೂ ಗಟ್ಟಿಯಾದುದು ಬೇಕು. ದಿಂಡಲ ಮರವೇ ಆಗಬೇಕು. ಅದೂ ಹಸಿಯದಲ್ಲ, ಮೂರು ಬೇಸಿಗೆ ನೆರಳಿನಲ್ಲಿ ಒಣಗಿದ್ದು.”

“ಅಂಥದು ಎಲ್ಲಿದೆ ಅಜ್ಜಿ?” ಎಂದು ಮಲ್ಲಾರಿ ಕೇಳಿದ.

“ಅದನ್ನೇ ನಾನೂ ಕೇಳುತ್ತಿರುವುದು,” ಎಂದಳು ಅಜ್ಜಿ.

ಯಾರಿಗೂ ತಿಳಿದಿರಲಿಲ್ಲ. ಒಬ್ಬನಿಗೆ ಮಾತ್ರ ತಿಳಿದಿತ್ತು. ಅವನೇ ಪರಿಮಳಯ್ಯನೆಂಬ ಪುನುಗುಬೆಕ್ಕು. ಅವನ ಬಿಲದ ಬಾಗಿಲಿಗೆ ಅಡ್ಡಲಾಗಿ, ಬಳ್ಳಿಗಳ ಮರೆಯಲ್ಲಿ, ಒಣಗಿದ ದಿಂಡಲದ ತೊಲೆಯೊಂದಿತ್ತು. ಅದರ ಮೇಲೆಯೇ ಅವನ ಮನೆಯ ಮಾಡು ನಿಂತಿತ್ತು. ‘ತೊಲೆ ಕೊಟ್ಟರೆ ನನ್ನ ಬಾಗಿಲು ಹೋಗುತ್ತದೆ. ಕೊಡದಿದ್ದರೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ. ಹುಡುಕುವ ಮೊದಲೇ ಬೇರೊಂದನ್ನು ಮುಂದಿಟ್ಟುಬಿಡಬೇಕು’ ಎಂದು ಅವನು ಯೋಚಿಸಿದ.

ಮರುದಿನ ಮಂಜು ಕರಗುವ ಹೊತ್ತಿಗೆ ಬಂಡಿಯ ಬಳಿ ಒಂದು ಅದ್ಭುತ ಕಾಣಿಸಿತು. ಹಳೆಯ ಅಚ್ಚಿಗಿಂತ ಎರಡರಷ್ಟು ದಪ್ಪವಾದ ಮರ. ಮೈತುಂಬ ಅರಗಿನ ಕೆಂಪು. ಸೂರ್ಯನ ಮೊದಲ ಕಿರಣ ಬಿದ್ದಾಗ ಅದು ಸಂಜೆಯ ಮೋಡದ ತುಂಡಿನಂತೆ ಹೊಳೆಯಿತು. ಪುನುಗಿನ ಪರಿಮಳ ಕಾಡಿನ ತುಂಬ ತೇಲಿತು. ಜಿಂಕೆಗಳು ಕಣ್ಣು ಅರೆಮುಚ್ಚಿ ನಿಂತವು. ಮೊಲಗಳಿಗೆ ತಾವು ಎದ್ದಿದ್ದೇವೋ ಮಲಗಿದ್ದೇವೋ ತಿಳಿಯಲಿಲ್ಲ.

“ನೋಡಿ ಸ್ವಾಮಿ, ದಪ್ಪ ಎಂದರೆ ಇದು! ಇಡೀ ಗುಡ್ಡವನ್ನೇ ಹೇರಿದರೂ ಜಗ್ಗದು,” ಎಂದು ಪರಿಮಳಯ್ಯ ಮೀಸೆ ನೀವಿದ.

ಅದು ಬರಿಯ ಬೂರುಗದ ಮರವಾಗಿತ್ತು. ಹತ್ತಿಯಷ್ಟೇ ಮೆತ್ತಗಿನ ತಿರುಳು.

ಚಿಪ್ಪಜ್ಜಿ ಸುತ್ತ ಒಂದು ಸಲ ನಡೆದಳು. “ಮರ ದಪ್ಪವಾಯಿತು ಸರಿಯಯ್ಯ, ಗಾಲಿಯ ತೂತು ದಪ್ಪವಾಯಿತೇ?”

“ಅಂದರೇನು ಅಜ್ಜಿ?”

“ಮರದ ಹೊಟ್ಟೆ ಎಷ್ಟೇ ದಪ್ಪವಿರಲಿ, ತುದಿಯನ್ನು ಗಾಲಿಯ ತೂತಿಗೆ ಹೊಂದುವಷ್ಟು ಸಣ್ಣಗೆ ಕೆತ್ತಲೇಬೇಕು. ಅಚ್ಚು ಮುರಿಯುವುದು ಆ ಕತ್ತಿನಲ್ಲಿಯೇ. ಅಲ್ಲಿ ಉಳಿಯುವುದು ಹಳೆಯದರಷ್ಟೇ ಗಾತ್ರ. ಗಾತ್ರ ಅಷ್ಟೇ ಆದ ಮೇಲೆ ಗಟ್ಟಿತನ ಬರಬೇಕಾದುದು ಮರದ ಜಾತಿಯಿಂದ.”

“ಅಜ್ಜಿ ಇರುವೆ ತಿಂದು ತಿಂದು ಎಲ್ಲವನ್ನೂ ಇರುವೆಯಷ್ಟೇ ಸಣ್ಣದಾಗಿ ಕಾಣುತ್ತಾಳೆ!” ಎಂದು ಪರಿಮಳಯ್ಯ ನಕ್ಕ. ಉಳಿದವೂ ನಕ್ಕವು. ದಿನ ಕಡಿಮೆಯಿತ್ತು, ಮರ ಅಂದವಾಗಿತ್ತು, ನಂಬುವುದು ಸುಲಭವಾಗಿತ್ತು.

ಮುಳ್ಳುಹಂದಿಗಳು ಹಲ್ಲಿನಿಂದ ತುದಿಗಳನ್ನು ಕೆತ್ತಿದವು. ಸೂರ್ಯ ನೆತ್ತಿಗೆ ಬರುವ ಮೊದಲೇ ಕೆಲಸ ಮುಗಿಯಿತು. “ಬೇಗ ಮುಗಿಯಿತೆಂದು ಹಿಗ್ಗಬೇಡಿ ಮಕ್ಕಳೇ,” ಎಂದಳು ಚಿಪ್ಪಜ್ಜಿ. “ನಿಮ್ಮ ಹಲ್ಲಿಗೆ ಸೋತದ್ದು ಬಂಡೆಯನ್ನು ಗೆದ್ದೀತೇ?”

ಆಗ ತಂಗವ್ವ ಮೆಲ್ಲಗೆ ತೆವಳಿ ಬಂದಳು. ಆ ಕಾಡಿನಲ್ಲೊಂದು ಹಳೆಯ ಪದ್ಧತಿಯಿತ್ತು. ಹೊಸ ಅಚ್ಚು ಹಾಕಿದಾಗ ಅದನ್ನು ಆರಿಸಿದವರು ಮೊದಲು ಬಂಡಿಯೇರಬೇಕು. ಮೊದಲ ಬಂಡೆಯವರೆಗೆ ಹೋಗಿ ಬರಬೇಕು. ಅವಸರದಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ತಂಗವ್ವ ಮರೆತಿರಲಿಲ್ಲ.

“ಪರಿಮಳಣ್ಣ,” ಎಂದಳು ಅವಳು, “ನನ್ನ ಮಕ್ಕಳು ಕೂರುವಲ್ಲಿ ಮೊದಲು ನೀನು ಕೂತು ಬಾ.”

“ನಾನೇ? ನನಗೆ... ಇವತ್ತು ಹೊಟ್ಟೆ ಸರಿಯಿಲ್ಲ ತಂಗಿ. ಸುಮ್ಮನೆ ಹೊತ್ತು ಹಾಳು.”

“ಹೊತ್ತು ನನ್ನದು ಅಣ್ಣ. ಕೆರೆಯ ಬುಡ ಕಾಣುತ್ತಿದ್ದರೂ ನಾನೇ ಕೇಳುತ್ತಿದ್ದೇನೆ.”

ಎಲ್ಲರ ಕಣ್ಣುಗಳೂ ಪರಿಮಳಯ್ಯನತ್ತ ತಿರುಗಿದವು. ಅವನು ಬಾಲ ಮುದುರಿಕೊಂಡು ಬಾನಿಯ ಅಂಚಿನ ಮೇಲೆ ಕೂತ. ಬಾನಿಗೆ ನೀರು ತುಂಬಿದರು. ಮಲ್ಲಾರಿ ಎಳೆದ.

ಹುಲ್ಲಿನ ಮೇಲೆ ಬಂಡಿ ದೋಣಿಯಂತೆ ತೇಲಿತು. ಹೂವುಗಳು ಉದುರಿದವು. ಪರಿಮಳಯ್ಯನಿಗೂ ಒಂದು ಕ್ಷಣ ತನ್ನ ಸುಳ್ಳು ನಿಜವಿರಬಹುದೆನಿಸಿತು. ಅಷ್ಟರಲ್ಲಿ ಬಲಗಾಲಿ ಮೊದಲ ಬಂಡೆಯನ್ನು ಮುಟ್ಟಿತು.

ಸದ್ದು ಕೂಡ ದೊಡ್ಡದಾಗಲಿಲ್ಲ. ಅಚ್ಚಿನ ಕತ್ತು ಒದ್ದೆ ರೊಟ್ಟಿಯಂತೆ ಮುರಿಯಿತು. ಬಂಡಿ ವಾಲಿತು. ಬಾನಿಯ ನೀರೆಲ್ಲ ಪರಿಮಳಯ್ಯನ ಮೇಲೆ ಸುರಿಯಿತು. ಅವನ ಸುಗಂಧವೆಲ್ಲ ತೊಳೆದುಹೋಗಿ ಮೈಯೆಲ್ಲ ಪಾಚಿಯ ವಾಸನೆಯಾಯಿತು. ಬಾನಿ ಹುಲ್ಲಿನ ಮೇಲೆ ಉರುಳಿ ಒಡೆಯದೆ ಉಳಿಯಿತು; ಆದರೆ ಅವನ ಬಾಲ ಬಂಡಿಯ ಕೆಳಗೆ ಸಿಕ್ಕಿಕೊಂಡಿತು. ಪಾದಗಳ ಕೆಳಗೆ ಬಂಡೆ ಬಾಣಲೆಯಂತೆ ಕಾದಿತ್ತು.

“ಅಯ್ಯೋ, ಸುಡುತ್ತದೆ! ಮಲ್ಲಾರಿ, ಎತ್ತಪ್ಪಾ!”

“ಬರಿಯ ಕೊಂಬಿನಿಂದ ಏಳುವ ಬಂಡಿಯಲ್ಲ ಇದು. ಅಡಿಗೆ ಒಂದು ಮರ ಕೊಟ್ಟು ಮೀಟಬೇಕು,” ಎಂದು ಮಲ್ಲಾರಿ ಬೂರುಗದ ತುಂಡನ್ನು ಕೊಟ್ಟು ಮೀಟಿದ. ಅದು ಮತ್ತೆ ಮುರಿಯಿತು. “ನಿನ್ನ ಮರ ನಿನ್ನನ್ನೇ ಎತ್ತಲಾರದು ಮಾರಾಯ. ಗಟ್ಟಿಯಾದುದು ಎಲ್ಲಿಂದ ತರಲಿ?”

ಪರಿಮಳಯ್ಯ ಒಂದು ಕಾಲನ್ನೆತ್ತಿ ಇನ್ನೊಂದನ್ನೂರಿದ, ಅದನ್ನೆತ್ತಿ ಮತ್ತೊಂದನ್ನೂರಿದ. ಕೊನೆಗೆ ಕೂಗಿದ: “ನನ್ನ ಬಿಲದ ಬಾಗಿಲ ಮೇಲಿದೆ! ಬಳ್ಳಿಯ ಹಿಂದೆ! ದಿಂಡಲದ ತೊಲೆ! ಬೇಗ ತನ್ನಿ!”

 

ಜಿಂಕೆಗಳು ಓಡಿ ಹೋಗಿ, ಬಳ್ಳಿ ಕಟ್ಟಿ ತೊಲೆಯನ್ನು ಎಳೆದು ತಂದವು. ಮಲ್ಲಾರಿ ಅದರಿಂದ ಮೀಟಿದ. ಬಂಡಿ ಎದ್ದಿತು, ತೊಲೆ ಬಾಗಲೂ ಇಲ್ಲ. ಪರಿಮಳಯ್ಯ ಹೊರಗೆ ಬಂದು ತಲೆ ತಗ್ಗಿಸಿ ನಿಂತ.

ತಂಗವ್ವ ಅವನನ್ನು ಬೈಯಲಿಲ್ಲ. “ನಿನ್ನ ಬಾಲಕ್ಕೆ ಸಿಕ್ಕಿದ ಮರ ನನ್ನ ಮಕ್ಕಳಿಗೆ ಏಕೆ ಸಿಗಲಿಲ್ಲ ಅಣ್ಣ?” ಎಂದಷ್ಟೇ ಕೇಳಿದಳು.

ದಿಂಡಲವನ್ನು ಕೆತ್ತಲು ಎರಡು ಹಗಲು ಹಿಡಿಯಿತು. ಮುಳ್ಳುಹಂದಿಗಳ ಹಲ್ಲುಗಳು ಜುಮ್ಮೆಂದವು. ಕೆರೆಯಲ್ಲಿ ಉಳಿದದ್ದು ಕೆಸರು ಮತ್ತು ಒಂದು ಬಾನಿಯಷ್ಟು ನೀರು. ಪದ್ಧತಿಯಂತೆ, ಮರವನ್ನು ಆರಿಸಿದ ಚಿಪ್ಪಜ್ಜಿ ಮೊದಲು ಕೂತು ಬಂಡೆಯವರೆಗೆ ಹೋಗಿ ಬಂದಳು. “ಸದ್ದೇ ಇಲ್ಲ ಕಣೇ, ನಿದ್ದೆ ಬರುತ್ತದೆ,” ಎಂದು ಆಕಳಿಸುತ್ತ ಇಳಿದಳು.

ಅನಂತರ ತಂಗವ್ವ ತನ್ನ ಹನ್ನೊಂದು ಮರಿಗಳೊಡನೆ ಬಾನಿಗಿಳಿದಳು. ಬಂಡಿ ಮಂಜಿನೊಳಗೆ ಹೊರಟಿತು. ಕಲ್ಲಿನಿಂದ ಕಲ್ಲಿಗೆ ಗಾಲಿಗಳು ಹತ್ತಿದವು, ಇಳಿದವು. ಅಚ್ಚು ಸಣ್ಣ ದನಿಯಲ್ಲಿ ಗುನುಗಿತು. ಆ ಗುನುಗಿಗೆ ಮರಿಗಳು ಒಂದೊಂದಾಗಿ ನಿದ್ದೆಹೋದವು. ಕಣ್ಣು ಬಿಟ್ಟಾಗ ಸುತ್ತಲೂ ನೀರಿತ್ತು. ನೀರಿನ ಮೇಲೆ ಬಿಳಿಯ ಮೋಡವೊಂದು ಬಾಗಿ ನಿಂತಿತ್ತು.

“ಅವ್ವಾ, ನಾವು ಇನ್ನೂ ಬಾನಿಯಲ್ಲಿದ್ದೇವೆಯೇ?” ಎಂದು ಒಂದು ಮರಿ ಪಿಸುಗುಟ್ಟಿತು.

“ಇಲ್ಲ ಮಗಾ, ಇದು ಕೆರೆ,” ಎಂದಳು ತಂಗವ್ವ.

ತೊಲೆ ತೆಗೆದ ದಿನವೇ ಪರಿಮಳಯ್ಯನ ಬಿಲ ಕುಸಿದಿತ್ತು. ಮಳೆಗಾಲ ಬಂದಾಗ ಅವನಿಗೆ ಮನೆಯಿರಲಿಲ್ಲ. “ಬಂಡಿಯ ಕೆಳಗೆ ಮಲಗಯ್ಯ, ಅಲ್ಲಿ ನೆನೆಯುವುದಿಲ್ಲ,” ಎಂದು ಚಿಪ್ಪಜ್ಜಿಯೇ ಕರೆದಳು. ಅಂದಿನಿಂದ ಅವನು ಹೊಂಗೆಯ ಮರದ ಕೆಳಗೆ, ತಾನು ಬಚ್ಚಿಟ್ಟಿದ್ದ ಆ ದಿಂಡಲದ ಅಚ್ಚಿನಡಿಯಲ್ಲಿಯೇ ಮಲಗತೊಡಗಿದ. ಪ್ರತಿ ಬೇಸಿಗೆಯ ಮೊದಲು ಹೊಂಗೆಯ ಬೀಜ ಜಜ್ಜಿ, ಎಣ್ಣೆ ತೆಗೆದು, ಅಚ್ಚಿನ ಕತ್ತಿಗೆ ಸವರುತ್ತಿದ್ದ. ಯಾರೂ ಹೇಳದಿದ್ದರೂ, ಮರಿಗಳು ಏರುವ ಮೊದಲು ತಾನೇ ಒಮ್ಮೆ ಬಂಡಿಯೇರಿ ಬಂಡೆಯವರೆಗೆ ಹೋಗಿ ಬರುತ್ತಿದ್ದ.

ನೀತಿ: ಭಾರ ಹೊರಬೇಕಾದುದನ್ನು ಅದರ ಅಂದ ಮತ್ತು ಗಾತ್ರ ನೋಡಿ ಆರಿಸಬಾರದು, ತಿರುಳು ನೋಡಿ ಆರಿಸಬೇಕು, ಇತರರಿಗೆ ಕೊಡುವ ಆಸರೆಯ ಮೇಲೆ ಮೊದಲು ತಾನು ಕೂರಲು ಸಿದ್ಧನಿರಬೇಕು.