ಎಡಗಡೆಯ ಸೀಟು

"ಸಾಧನೆ ಹೆಚ್ಚಿದಷ್ಟೂ ಮನುಷ್ಯರ ಸಹವಾಸ ಯಾಕೆ ಭಾರವಾಗುತ್ತದೆ ಬುದ್ಧಿ?" ಎಂದು ಚನ್ನವೀರ ಸ್ವಾಮಿಗಳನ್ನು ಕೇಳಿದ.

ಬೆಳಗಿನ ಲಿಂಗಪೂಜೆ ಮುಗಿದಿತ್ತು. ಹಿರಿಯ ಸ್ವಾಮಿಗಳು ಮಠದ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತಿದ್ದರು. ಚನ್ನವೀರ ಶ್ರದ್ಧೆಯುಳ್ಳ ಶಿಷ್ಯ. ಮಠಕ್ಕೆ ಬಂದಾಗಿನಿಂದ ಹೇಳಿದ ಕೆಲಸಕ್ಕೆ ಒಲ್ಲೆ ಅಂದವನಲ್ಲ. ಅವತ್ತು ಅವನು ತಂದದ್ದು ಪ್ರಶ್ನೆಯೇ ಆದರೂ ಅದರ ಹಿಂದೆ ಒಂದು ಬೇಡಿಕೆ ಇತ್ತು.

ಶಿವರಾತ್ರಿಯಿಂದೀಚೆಗೆ ಅವನು ತನ್ನ ಜಪವನ್ನು ಎರಡರಷ್ಟು ಮಾಡಿಕೊಂಡಿದ್ದ. ಗುಡ್ಡದ ಬಂಡೆಯ ಮೇಲೆ ಒಬ್ಬನೇ ಕುಳಿತಾಗ ಮನಸ್ಸು ಅಲುಗುತ್ತಿರಲಿಲ್ಲ. ಕೋಣೆಗೆ ಬಂದರೆ ಹಾಗಿರುತ್ತಿರಲಿಲ್ಲ. ಕೋಣೆಯಲ್ಲಿ ಅವನ ಜೊತೆಗೆ ಗುರುಪಾದಯ್ಯನವರಿದ್ದರು. ಅವರು ಕಣ್ಣು ಕಾಣದ ಹಿರಿಯರು. ಬೆಳಿಗ್ಗೆ ಅವರ ಕೈ ಹಿಡಿದು ಬಾವಿಕಟ್ಟೆಗೆ ಕರೆದೊಯ್ಯುವುದು ಚನ್ನವೀರನ ಪಾಲಿಗೆ ಬಂದ ಸೇವೆ. ಶಿವನು ಅವರ ಕಣ್ಣನ್ನು ತೆಗೆದುಕೊಂಡು ಕಿವಿಯನ್ನು ಚುರುಕು ಮಾಡಿದ್ದ. ಪಕ್ಕದಲ್ಲಿ ಕುಳಿತವನ ರುದ್ರಾಕ್ಷಿ ಉರುಳುವ ಸದ್ದಿನಿಂದಲೇ ಅವನ ಮನಸ್ಸು ಎಲ್ಲಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಜಪ ಅವಸರಕ್ಕೆ ಬಿದ್ದ ಕೂಡಲೇ, "ಮಣಿ ಓಡ್ತಾ ಇದೆ ಕಣಪ್ಪಾ" ಎನ್ನುತ್ತಿದ್ದರು. ಮೊದಮೊದಲು ಚನ್ನವೀರ ನಕ್ಕು ನಿಧಾನಿಸುತ್ತಿದ್ದ. ಈಚೀಚೆಗೆ ಆ ಮಾತು ಕಿವಿಗೆ ಬಿದ್ದರೆ ಅವನ ಮೈ ಉರಿಯುತ್ತಿತ್ತು. ಬೆಳಿಗ್ಗೆ ಬಾವಿಗೆ ಹೋಗುವ ಹೊತ್ತನ್ನೂ ಹೆಚ್ಚಿದ ಜಪ ತೆಗೆದುಕೊಂಡಿತ್ತು. ಹಿರಿಯರನ್ನು ಯಾರಾದರೂ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡು ಅವನು ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದ.

ಮಠದ ಹಿಂದಿನ ಗುಡ್ಡದ ಮೇಲೆ ಒಂದು ಒಂಟಿ ಕೋಣೆ ಖಾಲಿ ಬಿದ್ದಿತ್ತು. ಅಪ್ಪಣೆಯಾದರೆ ಅಲ್ಲಿಗೆ ಹೋಗಿ ಇರುತ್ತೇನೆ, ಇಲ್ಲಿ ಸಾಧನೆ ನಿಲ್ಲುತ್ತಿಲ್ಲ ಎಂದು ಚನ್ನವೀರ ಕೈ ಮುಗಿದ. ಜಪ ಹೆಚ್ಚಿಸಿದ್ದನ್ನು ಹೇಳಿದ, ಮನಸ್ಸು ಕದಡುವುದನ್ನು ಹೇಳಿದ. ಗುರುಪಾದಯ್ಯನವರ ಹೆಸರನ್ನು ಮಾತ್ರ ಎತ್ತಲಿಲ್ಲ.

"ಒಂದು ಕಾರಿನ ಕತೆ ಹೇಳುತ್ತೇನೆ ಕೇಳು" ಎಂದರು ಸ್ವಾಮಿಗಳು. ಚನ್ನವೀರನಿಗೆ ಆಶ್ಚರ್ಯವಾಯಿತು. ಸ್ವಾಮಿಗಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೆ ಕಾರಿನಲ್ಲಿ ಬಂದವರ ಕಷ್ಟಸುಖವನ್ನು ಅವರು ಬೇಕಾದಷ್ಟು ಕೇಳಿದ್ದರು. ಅವರು ಹೇಳಿದ ಕತೆ ಇದು.

ಒಬ್ಬ ವರ್ತಕನಿದ್ದ. ಅವನ ಬಳಿ ಹಳೆಯ ಕಾಲದ ಒಂದು ಸ್ಪೋರ್ಟ್ಸ್ ಕಾರಿತ್ತು. ನೆಲಕ್ಕೆ ತಗ್ಗಿ ಕುಳಿತಂಥ ಕಾರು, ಮೇಲೆ ಮುಚ್ಚಿಗೆ ಇಲ್ಲ, ಸೀಟು ಎರಡೇ. ಕಡ್ಡಿಕಡ್ಡಿಯ ಚಕ್ರ, ಅದಕ್ಕೆ ಸಣಕಲು ಟೈರು. ವರ್ತಕನಿಗೆ ಅದರ ಮೇಲೆ ಬಹಳ ಪ್ರೀತಿ. ಅಂಗಡಿಗೆ ಒಯ್ಯುತ್ತಿರಲಿಲ್ಲ, ಮದುವೆ ಮೆರವಣಿಗೆಗೆ ಕೇಳಿದರೆ ಕೊಡುತ್ತಿರಲಿಲ್ಲ. ಭಾನುವಾರ ಮಾತ್ರ ಹೊರಗೆ ತೆಗೆದು, ಒರೆಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟದ ದೇವರ ದರ್ಶನಕ್ಕೆ ಹೋಗಿಬರುತ್ತಿದ್ದ.

ಬೆಟ್ಟದ ದಾರಿ ಇಕ್ಕಟ್ಟು, ತಿರುವಿನ ಮೇಲೆ ತಿರುವು. ಆ ಕಾರಿನ ಮೂತಿ ಉದ್ದ. ಬಲಗಡೆ ಕುಳಿತು ಓಡಿಸುವವನಿಗೆ ಎಡಗಡೆಯ ಅಂಚು ಕಾಣುವುದಿಲ್ಲ. ಹೆಂಡತಿ ತನ್ನ ಕಡೆ ಬಗ್ಗಿ ನೋಡಿ, "ಎಡಕ್ಕೆ ಜಾಗ ಇದೆ ರೀ" ಎನ್ನುತ್ತಿದ್ದಳು. ಜಾಗ ಇಲ್ಲದಿದ್ದರೆ, ಸಾಕು, ಬಲಕ್ಕೆ ಬನ್ನಿ ಎನ್ನುತ್ತಿದ್ದಳು. ಇದನ್ನು ಅವಳು ಕೆಲಸವೆಂದು ತಿಳಿದಿರಲಿಲ್ಲ, ಅವನೂ ಉಪಕಾರವೆಂದು ತಿಳಿದಿರಲಿಲ್ಲ. ಮಗಳ ಮನೆಯ ಮಾತು, ಅಂಗಡಿಯ ಮಾತು ಆಡುತ್ತಾ ಆಡುತ್ತಾ ನಡುವೆ ಆ ಮಾತೂ ಬಂದು ಹೋಗುತ್ತಿತ್ತು. ಸಣ್ಣ ಟೈರಾದ್ದರಿಂದ ತಿರುವಿನಲ್ಲಿ ಕಾರು ಒಂದಿಷ್ಟು ಜಾರುತ್ತಿತ್ತು. ಜಾರಿದಾಗ ವರ್ತಕ ನಿಧಾನಿಸುತ್ತಿದ್ದ. ಹೀಗೆ ಹೋಗಿ ಹೀಗೆ ಬರುತ್ತಿದ್ದರು.

ಅದೇ ಊರಿನ ಒಬ್ಬ ಗುತ್ತಿಗೆದಾರನಿಗೂ ಹಳೆಯ ಕಾರಿನ ಹುಚ್ಚಿತ್ತು. ಒಂದು ಭಾನುವಾರ ಬೆಟ್ಟದ ಮೇಲೆ ಅವನು ವರ್ತಕನ ಕಾರಿನ ಸುತ್ತ ಒಂದು ಸುತ್ತು ಬಂದು, "ಏನ್ ಸಾಹುಕಾರ್ರೇ, ಕಾರಿಗೆ ಸೈಕಲ್ ಟೈರು ಹಾಕಿಸಿದ್ದೀರಿ?" ಎಂದ. ಅಲ್ಲಿದ್ದವರು ನಕ್ಕರು. ವರ್ತಕನ ಹೆಂಡತಿಯೂ ನಕ್ಕಳು. ಅವಳಿಗೆ ಅದು ಅಲ್ಲಿಗೇ ಮರೆತುಹೋಯಿತು. ವರ್ತಕನಿಗೆ ಮರೆತುಹೋಗಲಿಲ್ಲ.

ಅವನು ಗ್ಯಾರೇಜಿಗೆ ಹೋಗಿ ಅಗಲವಾದ ಕಡ್ಡಿಚಕ್ರ, ಅಗಲವಾದ ಟೈರು ಹಾಕಿಸಿದ. ಗ್ಯಾರೇಜಿನವನು ಕಾರು ನಿಂತಾಗ ಟೈರಿಗೂ ಮಡ್ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದ. ಬೆರಳು ಸಲೀಸಾಗಿ ಹೋಯಿತು. ವರ್ತಕ ಒಬ್ಬನೇ ಕುಳಿತು ಊರ ಹೊರಗೆ ಒಂದು ಸುತ್ತು ಹೋಗಿಬಂದ. ಕಾರು ನೆಲವನ್ನು ಕಚ್ಚಿ ಹಿಡಿದಿತ್ತು. ಜಾರುವ ಮಾತೇ ಇಲ್ಲ. ಇಷ್ಟು ವರ್ಷ ಇದನ್ನು ಯಾಕೆ ಮಾಡಿಸಲಿಲ್ಲವೋ ಎಂದು ತನ್ನನ್ನು ತಾನೇ ಬೈದುಕೊಂಡ.

ಭಾನುವಾರ ಬಂತು. ಹೆಂಡತಿ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಬೆಟ್ಟದ ಮೊದಲ ತಿರುವು ಬಲಕ್ಕೆ. ಬಲಕ್ಕೆ ತಿರುಗುವಾಗ ಕಾರು ಎಡಕ್ಕೆ ವಾಲುತ್ತದೆ. ವಾಲಿದ್ದೇ ತಡ, ಎಡಗಡೆಯ ಹಿಂದಿನ ಚಕ್ರದಿಂದ ಕರ್ರೆಂದು ಸದ್ದು ಬಂತು, ರಬ್ಬರು ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲೂ ಹಾಗೇ ಆಯಿತು. ದರ್ಶನವಿಲ್ಲದೆ ಹಿಂದಿರುಗಿದರು.

ಗ್ಯಾರೇಜಿನವನು ಎಡಗಡೆಯ ಮಡ್ಗಾರ್ಡನ್ನು ಎರಡು ಕೈಯಿಂದ ಅದುಮಿ ನೋಡಿದ. ಟೈರಿಗೆ ತಾಗಿತು. ಟೈರು ಅಗಲವಾಗಿದೆ, ಮಡ್ಗಾರ್ಡು ಇದ್ದಷ್ಟೇ ಇದೆ, ಎಡಗಡೆ ಭಾರ ಬಿದ್ದರೆ ಉಜ್ಜುತ್ತದೆ ಎಂದು ಹೇಳಿದ. ಬೇಕಾದರೆ ಮಡ್ಗಾರ್ಡಿನ ಅಂಚನ್ನು ಕತ್ತರಿಸಬಹುದು, ಬೇಡವೆಂದರೆ ಹಳೆಯ ಚಕ್ರವನ್ನೇ ಹಾಕಬಹುದು ಎಂದ. ಅಷ್ಟು ಹಳೆಯ ಕಾರಿನ ಮೈಗೆ ಕತ್ತರಿ ಹಾಕಲು ವರ್ತಕನಿಗೆ ಮನಸ್ಸು ಬರಲಿಲ್ಲ. ಹಳೆಯ ಚಕ್ರ ಎಂದಾಗ ಗುತ್ತಿಗೆದಾರನ ಮುಖ ಕಣ್ಣಮುಂದೆ ಬಂತು. ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತಾ, "ನೀವೊಬ್ಬರೇ ಹೋದರೆ ಏನೂ ತೊಂದರೆ ಇಲ್ಲ ಬಿಡಿ" ಎಂದ.

ವರ್ತಕ ಮನೆಗೆ ಬಂದು ಆ ಮಾತನ್ನು ಸುತ್ತಿ ಬಳಸಿ ಹೇಳಿದ. ಇದೊಂದು ವಾರ ಮಾತ್ರ, ಆಮೇಲೆ ಏನಾದರೂ ದಾರಿ ನೋಡೋಣ ಎಂದ. ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆಯೇ ಹೇಳಿದಳು, "ನಾನು ಆ ಸೀಟಿನಲ್ಲಿ ಕೂತು ಎಷ್ಟೋ ವರ್ಷವಾಯಿತು. ಟೈರು ಬಂದದ್ದು ಮೊನ್ನೆ. ಉಜ್ಜುತ್ತಿರುವುದು ಯಾರು ಅಂತ ನೀವೇ ಹೇಳಿ."

ಅವಳು ಮಾತು ಬೆಳೆಸಲಿಲ್ಲ. ದೇವರು ಬಸ್ಸಿನಲ್ಲಿ ಬಂದವರಿಗೂ ಸಿಗುತ್ತಾನೆ, ನೀವು ಕಾರಿನಲ್ಲಿ ಬನ್ನಿ, ನಾನು ಬಸ್ಸಿಗೆ ಬರುತ್ತೇನೆ ಎಂದಳು.

ಹಾಗೇ ಮಾಡಿದರು. ಕಾರು ಸರಸರನೆ ಬೆಟ್ಟ ಹತ್ತಿತು. ವರ್ತಕ ಮೇಲೆ ಹೋಗಿ, ಕಾರು ನಿಲ್ಲಿಸಿ, ಗುಡಿಯ ಮೆಟ್ಟಿಲ ಮೇಲೆ ಕುಳಿತು ಬಸ್ಸಿಗಾಗಿ ಕಾದ. ದಾರಿಯಲ್ಲಿ ಉಳಿಸಿದ ಹೊತ್ತೆಲ್ಲ ಕಾಯುವುದರಲ್ಲಿ ಹೋಯಿತು. ಬಸ್ಸು ಬಂತು, ಹೆಂಡತಿ ಬುಟ್ಟಿ ಹಿಡಿದು ಇಳಿದಳು, ಇಬ್ಬರೂ ದರ್ಶನ ಮಾಡಿದರು, ಅವಳು ಬಸ್ಸು ಹತ್ತಿದಳು, ಅವನು ಕಾರು ಹತ್ತಿದ. ಇದೊಂದು ವಾರ ಅಂದದ್ದು ಮುಂದಿನ ವಾರಕ್ಕೂ ಬಂತು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಮೆಟ್ಟಿಲ ಮೇಲೆ ಅವನು ತಿರುವುಗಳ ವಿಷಯ ಹೇಳುತ್ತಿದ್ದ. ಅವಳು ಬಸ್ಸಿನಲ್ಲಿ ಸೀಟು ಸಿಕ್ಕಿತೋ ಇಲ್ಲವೋ ಎಂದು ಹೇಳುತ್ತಿದ್ದಳು. ಎಡಗಡೆಯ ಸೀಟಿನ ಮೇಲೆ ಈಗ ಹೂವಿನ ಬುಟ್ಟಿಯೂ ಇರುತ್ತಿರಲಿಲ್ಲ. ಒಬ್ಬನೇ ಇದ್ದಾಗ ಕಾರು ಎಷ್ಟು ಚೆನ್ನಾಗಿ ಓಡುತ್ತದೆ ಎಂದು ವರ್ತಕ ಕಂಡವರಿಗೆಲ್ಲ ಹೇಳುತ್ತಿದ್ದ. ಅದು ನಿಜವೂ ಆಗಿತ್ತು.

ಒಂದು ಭಾನುವಾರ ಅವನು ಎಂದಿನಂತೆ ಹೊರಟ. ಬೆಟ್ಟದ ನಡುವೆ ಎಡಕ್ಕೆ ಒಂದು ತಿರುವಿತ್ತು. ಹಳೆಯ ಟೈರು ಅಲ್ಲಿ ತಪ್ಪದೆ ಜಾರುತ್ತಿತ್ತು, ಜಾರಿದಾಗ ಅವನು ನಿಧಾನಿಸುತ್ತಿದ್ದ. ಹೊಸ ಟೈರು ಜಾರಲಿಲ್ಲ, ಅವನು ನಿಧಾನಿಸಲಿಲ್ಲ. ತಿರುವಿನ ಒಳಮೂಲೆಯಲ್ಲಿ ಒಂದು ಮೋರಿಯ ಕಟ್ಟೆ ಇತ್ತು. ಆ ಕಟ್ಟೆ ಅಲ್ಲಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದವನು ಅದನ್ನು ಒಂದು ದಿನವೂ ನೋಡಿರಲಿಲ್ಲ. ನೋಡುತ್ತಿದ್ದವಳು ಬೇರೆ.

ಎಡಗಡೆಯ ಮುಂದಿನ ಚಕ್ರ ಕಟ್ಟೆಗೆ ಬಡಿಯಿತು. ಕಡ್ಡಿಗಳು ಮುರಿದು ಚಕ್ರ ಮಡಚಿಕೊಂಡಿತು. ಕತ್ತರಿಸಬಾರದೆಂದು ಉಳಿಸಿಕೊಂಡ ಕಾರಿನ ಮೈ ಮುಂದಿನಿಂದ ಬಾಗಿಲವರೆಗೆ ನಜ್ಜುಗುಜ್ಜಾಯಿತು. ದೇವರು ದೊಡ್ಡವನು, ವರ್ತಕನಿಗೆ ಒಂದು ಗೀರೂ ಆಗಲಿಲ್ಲ. ಕಾರಿನಿಂದ ಇಳಿದು ಅವನು ಆ ಕಟ್ಟೆಯ ಮೇಲೆಯೇ ಕುಳಿತ.

ಹಿಂದೆ ಬಸ್ಸು ಬಂದು ನಿಂತಿತು. ಕಂಡಕ್ಟರನೂ ನಾಲ್ಕಾರು ಜನರೂ ಇಳಿದು ಕಾರನ್ನು ಎತ್ತಿ ಪಕ್ಕಕ್ಕಿಟ್ಟರು. ಹೆಂಡತಿಯೂ ಇಳಿದು ಬಂದಳು. ಮೊದಲು ಅವನ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮುರಿದ ಚಕ್ರ ನೋಡಿದಳು, ಕಟ್ಟೆ ನೋಡಿದಳು.

"ಎಡಕ್ಕೆ ಜಾಗ ಇರಲಿಲ್ಲ ರೀ" ಎಂದಳು.

ಆ ಮಾತಿನಲ್ಲಿ ಕೋಪವಿರಲಿಲ್ಲ, ಕುಟುಕುವುದೂ ಇರಲಿಲ್ಲ. ಪಕ್ಕದಲ್ಲಿ ಕುಳಿತಾಗ ಹೇಗೆ ಹೇಳುತ್ತಿದ್ದಳೋ ಹಾಗೇ ಹೇಳಿದಳು. ವರ್ತಕ ತಲೆ ತಗ್ಗಿಸಿದ. ಅವತ್ತು ಅವರಿಬ್ಬರೂ ಬಸ್ಸಿನಲ್ಲೇ, ನಿಂತುಕೊಂಡೇ, ದೇವರ ದರ್ಶನಕ್ಕೆ ಹೋದರು.

ಸ್ವಾಮಿಗಳು ಕತೆ ನಿಲ್ಲಿಸಿದರು. ಚನ್ನವೀರ ಚಾಪೆಯ ಅಂಚನ್ನು ನೋಡುತ್ತಾ ಕುಳಿತಿದ್ದ. ತನಗೆ ಅರ್ಥವಾಯಿತು ಎಂದು ಅವನಿಗೆ ಅನ್ನಿಸಿತು.

"ಹಾಗಾದರೆ ಹೆಚ್ಚಿಸಿದ ಜಪವನ್ನು ಮತ್ತೆ ಇಳಿಸಲೇ ಬುದ್ಧಿ?" ಎಂದು ಕೇಳಿದ.

ಸ್ವಾಮಿಗಳು ಇಲ್ಲವೆಂದು ತಲೆಯಾಡಿಸಿದರು. ಟೈರು ಒಳ್ಳೆಯ ಟೈರೇ ಆಗಿತ್ತು, ಶಿವನಾಮ ಎಷ್ಟಾದರೂ ಹೆಚ್ಚಲ್ಲ ಎಂದರು. ಕೈ ಚಾಚಿ ಗೋಡೆಯ ಗೂಡಿನಿಂದ ಗುಡ್ಡದ ಕೋಣೆಯ ಬೀಗದ ಕೈ ತೆಗೆದು ಇಬ್ಬರ ನಡುವೆ ಚಾಪೆಯ ಮೇಲಿಟ್ಟರು.

ಚನ್ನವೀರನ ಕೈ ಮುಂದೆ ಬಂತು. ಅಷ್ಟರಲ್ಲಿ ಜಗಲಿಯ ಆಚೆ ಕೋಲು ಊರುವ ಸದ್ದು ಕೇಳಿಸಿತು. ಗುರುಪಾದಯ್ಯನವರು ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಸವರಿಕೊಂಡು, ಒಬ್ಬರೇ ಬಾವಿಯ ಕಡೆಗೆ ಹೋಗುತ್ತಿದ್ದರು. ಗೋಡೆ ಮುಗಿಯುವ ಕಡೆ ಸ್ವಲ್ಪ ನಿಂತರು. ಗಾಳಿಯಲ್ಲಿ ಕೈಯಾಡಿಸಿ, ಕೋಲಿನಿಂದ ಮುಂದಿನ ನೆಲ ತಟ್ಟಿ ನೋಡಿ, ಮತ್ತೆ ಹೆಜ್ಜೆ ಇಟ್ಟರು. ಕೋಲಿನ ಸದ್ದು ದೂರವಾಯಿತು. ಚನ್ನವೀರನ ಕೈ ಬೀಗದ ಕೈಯ ಹತ್ತಿರವೇ ನಿಂತಿತ್ತು.

ಸ್ವಾಮಿಗಳು ಮೆಲ್ಲಗೆ ಕೇಳಿದರು, "ಅಲ್ಲಿ ಮೇಲೆ ಮಣಿ ಓಡಿದರೆ ನಿನಗೆ ಯಾರು ಹೇಳುತ್ತಾರೆ, ಚನ್ನವೀರ?"