ಬೋರ್ಡು, ಮೋಡೆಮ್ ಮತ್ತು ಗುಡ್ಡದಾಚೆಯ ಉಪಗ್ರಹ

ಹೊಳೆಯ ದಂಡೆಯ ಕಂಬದ ಮೇಲೊಂದು ಪೆಟ್ಟಿಗೆಯಿತ್ತು. ನೀರು ಏರಿದರೆ ಉಪಗ್ರಹದ ಮೂಲಕ ಕೆಳಗಿನ ಊರಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಒಳಗೆ ಯಜಮಾನಿಕೆ ಸರ್ಕ್ಯೂಟ್ ಬೋರ್ಡಿನದು, ಸುದ್ದಿ ಕಳಿಸುವ ಪಾಡು ಮೋಡೆಮಿನದು.

ಅಂದು ಹೊಳೆ ಏರತೊಡಗಿತು. "ಊರಿಗೆ ತಿಳಿಸು," ಎಂದಿತು ಬೋರ್ಡು.

"ಉಪಗ್ರಹ ಇನ್ನೂ ಗುಡ್ಡದಾಚೆ ಇದೆ. ನೆತ್ತಿಯ ಮೇಲೆ ಬರಲಿ, ಕಳಿಸುತ್ತೇನೆ," ಎಂದಿತು ಮೋಡೆಮ್.

ಬೋರ್ಡಿಗೆ ರೇಗಿತು. ಮೋಡೆಮಿನ ಕರೆಂಟ್ ತೆಗೆದು ಮತ್ತೆ ಕೊಟ್ಟಿತು. ಮೋಡೆಮ್ ಎಲ್ಲ ಮರೆತು ಎದ್ದು, ಆಕಾಶವನ್ನು ಮೊದಲಿನಿಂದ ಹುಡುಕತೊಡಗಿತು.

"ಸುದ್ದಿ ಹೋಯಿತೇ?"

"ಸ್ವಾಮಿ, ನೀವು ಕರೆಂಟ್ ತೆಗೆಯದೆ ಬಿಟ್ಟರೆ ಹೋಗುತ್ತದೆ."

"ನನಗೇ ಬುದ್ಧಿ ಹೇಳುತ್ತೀಯಾ?" ಬೋರ್ಡು ಮತ್ತೆ ಕರೆಂಟ್ ತೆಗೆಯಿತು. ಇದು ಎಷ್ಟು ಸಲ ನಡೆಯಿತೋ, ಮೇಲಿದ್ದ ಆಂಟೆನಾ ಲೆಕ್ಕ ಇಡುವುದನ್ನೇ ಬಿಟ್ಟಿತು.

ಕರೆಂಟ್ ಇಲ್ಲದ ಅಂಥದೇ ಒಂದು ಗಳಿಗೆಯಲ್ಲಿ ಉಪಗ್ರಹ ನೆತ್ತಿಯ ಮೇಲೆ ಬಂದು, "ಕೆಳಗೆ ಯಾರಾದರೂ ಇದ್ದೀರಾ?" ಎಂದು ಕರೆಯಿತು. ಉತ್ತರ ಬಾರದ್ದಕ್ಕೆ ಮುಂದೆ ಸಾಗಿತು.

"ಬಂದಿತ್ತು, ಕರೆಯಿತು, ಹೋಯಿತು," ಎಂದಿತು ಆಂಟೆನಾ, ಸಾಕಾಗಿ.

ನೀರು ಆಗಲೇ ಪೆಟ್ಟಿಗೆಯ ತಳ ಮುಟ್ಟಿತ್ತು. ಬೋರ್ಡು ಕೇಳಿತು: "ಆಗ ಈ ಸೋಮಾರಿ ಮೋಡೆಮ್ ಎಲ್ಲಿ ಹಾಳಾಗಿ ಹೋಗಿತ್ತು?"