ಹನ್ನೊಂದು ಸಲ ಬಿಚ್ಚಿದ ಎಂಜಿನ್

ಅಮೆರಿಕದ ದಕ್ಷಿಣ ಭಾಗದಲ್ಲಿ ಹ್ಯಾರೋ ಕ್ರೀಕ್ ಎಂಬ ಊರು. ಊರ ಹೊರಗೆ ಒಂದು ರೇಸ್ ಟ್ರ್ಯಾಕ್. ಅಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಸ್ಟಾಕ್ ಕಾರುಗಳ ಪಂದ್ಯ ನಡೆಯುತ್ತಿತ್ತು. ಸ್ಟಾಕ್ ಕಾರೆಂದರೆ ನೋಡುವುದಕ್ಕೆ ಬೀದಿಯಲ್ಲಿ ಓಡಾಡುವ ಕಾರೇ. ಒಳಗಿನ ಎಂಜಿನ್ ಮಾತ್ರ ಪಂದ್ಯಕ್ಕೆಂದೇ ಕಟ್ಟಿದ್ದು. ಆ ಎಂಜಿನ್ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ನಿಯಮವಿತ್ತು. ನಿಯಮ ಮೀರಿದವನು ಮೊದಲು ಬಂದರೂ ಗೆದ್ದ ಹಾಗಲ್ಲ.

ಸುಮಾರು ಐವತ್ತು ವರ್ಷಗಳ ಹಿಂದೆ ಆ ಟ್ರ್ಯಾಕಿಗೆ ಥಡಿಯಸ್ ಮೇಬ್ರಿ ಎಂಬ ಚಾಲಕ ಬಂದ. ಮೂವತ್ತೆಂಟರ ಗಟ್ಟಿ ಆಳು, ಮಾತು ಕಡಿಮೆ. ಕಡಲೆಕಾಯಿ ಗಿರಣಿಯ ಲಾರಿಗಳನ್ನು ರಿಪೇರಿ ಮಾಡುತ್ತ, ಅದೇ ಶೆಡ್ಡಿನ ಮೂಲೆಯಲ್ಲಿ ತನ್ನ ಕಾರನ್ನು ತಾನೇ ಕಟ್ಟಿಕೊಂಡಿದ್ದ. ಹತ್ತು ವರ್ಷ ಮಣ್ಣಿನ ಟ್ರ್ಯಾಕುಗಳಲ್ಲಿ ಓಡಿಸಿ, ಕೊನೆಗೂ ವೃತ್ತಿಪರ ಚಾಲಕನ ಲೈಸೆನ್ಸ್ ಪಡೆದಿದ್ದ. ಜೊತೆಗೆ ಹೆಂಡತಿ ಅರ್ನೆಸ್ಟೀನ್. ಟೈರು ಬದಲಿಸುವುದರಲ್ಲಿ ಅವಳು ಯಾವ ಗಂಡಸಿಗೂ ಕಡಿಮೆಯಿರಲಿಲ್ಲ.

ಅಲ್ಲಿ ಓಡಿಸುತ್ತಿದ್ದವರು ಇಪ್ಪತ್ತನಾಲ್ಕು ಜನ. ಇಪ್ಪತ್ತಮೂರು ಜನ ಬಿಳಿಯರು. ಮೇಬ್ರಿ ಒಬ್ಬನೇ ಕಪ್ಪು ಮನುಷ್ಯ.

ಮೊದಲ ದಿನ ಗೇಟಿನ ಕಾವಲುಗಾರ ಅವನನ್ನು ತಡೆದು ನಿಲ್ಲಿಸಿದ. "ಗುಡಿಸುವವರ ಗೇಟು ಹಿಂದುಗಡೆ ಇದೆ."

ಮೇಬ್ರಿ ತನ್ನ ಹಿಂದಿದ್ದ ಕಾರಿನ ಕಡೆ ಕೈ ತೋರಿಸಿದ. ಅದರ ಬಾಗಿಲ ಮೇಲೆ ನಲವತ್ತೇಳು ಎಂಬ ಅಂಕಿ ದೊಡ್ಡದಾಗಿ ಬರೆದಿತ್ತು. "ಗುಡಿಸೋಕೆ ಬಂದಿಲ್ಲ ಸ್ವಾಮಿ, ಓಡಿಸೋಕೆ ಬಂದಿದ್ದೀನಿ" ಎಂದ.

ಮೂರನೆಯ ಶನಿವಾರ ಅವನು ಗೆದ್ದ. ಜನ ಚಪ್ಪಾಳೆ ತಟ್ಟಲಿಲ್ಲ. ಎದ್ದು ಮನೆಗೆ ಹೊರಟರು.

ಪಂದ್ಯ ಮುಗಿದ ಮೇಲೆ, ಮೊದಲ ಐದು ಸ್ಥಾನದಲ್ಲಿ ಬಂದ ಕಾರುಗಳ ಪೈಕಿ ಒಂದನ್ನು ಆರಿಸಿ ಎಂಜಿನ್ ಬಿಚ್ಚಿಸಿ ಅಳೆಯುವುದು ಅಲ್ಲಿನ ಕ್ರಮ. ಆರಿಸುವವನು, ಅಳೆಯುವವನು ಎರಡೂ ಒಬ್ಬನೇ. ಅವನ ಹೆಸರು ಆರ್ವಿಲ್ ಪ್ರೂಯಿಟ್. ಅರವತ್ತು ದಾಟಿದ ಬಿಳಿಯ. ಶುದ್ಧ ಹಸ್ತದವನೆಂದು ಹೆಸರಾಗಿದ್ದ. ಚಾಲಕರು ಕೊಟ್ಟ ಒಂದು ಲೋಟ ಕಾಫಿಯನ್ನೂ ಅವನು ಕುಡಿದವನಲ್ಲ. ಆ ದಿನ ಅವನು ನಲವತ್ತೇಳನೆಯ ಕಾರಿನ ಮುಂದೆ ಬಂದು ನಿಂತು, "ಬಿಚ್ಚು" ಎಂದ.

ಮೇಬ್ರಿ ಬಿಚ್ಚಿದ. ಪ್ರೂಯಿಟ್ ಅಳೆದ. ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. "ಸರಿಯಾಗಿದೆ" ಎಂದು ಬರೆದುಕೊಂಡು ಹೋದ.

ಮುಂದಿನ ವಾರ ಮೇಬ್ರಿ ಮೂರನೆಯವನಾಗಿ ಬಂದ. ಪ್ರೂಯಿಟ್ ಬಂದು, "ತಿರುವಿನಲ್ಲಿ ನಿನ್ನ ಕಾರು ಅತಿ ಸಲೀಸಾಗಿ ಓಡಿತು. ಬಿಚ್ಚು" ಎಂದ. ಅದರ ಮುಂದಿನ ವಾರ ಎಂಜಿನ್ನಿನ ಸದ್ದು ಬೇರೆ ಥರ ಕೇಳಿಸಿತಂತೆ. ಇನ್ನೊಂದು ವಾರ ಹೊಗೆಯ ಬಣ್ಣ ಸರಿಯಿರಲಿಲ್ಲವಂತೆ. ಪ್ರತಿ ವಾರವೂ ಒಂದು ಕಾರಣವಿತ್ತು. ಅಳತೆ ಪ್ರತಿ ವಾರವೂ ಸರಿಯಾಗಿತ್ತು.

ಆದರೆ ಜನರ ಅನುಮಾನ ಕಡಿಮೆಯಾಗಲಿಲ್ಲ. ಏನೂ ಸಿಗದಿದ್ದಷ್ಟೂ ಹೆಚ್ಚಾಯಿತು. "ಇಷ್ಟು ಸಲ ಹುಡುಕಿದರೂ ಸಿಗಲಿಲ್ಲ ಅಂದರೆ, ಅವನು ಎಷ್ಟು ಜಾಣನಿರಬೇಕು ನೋಡು!" ಎಂದು ಮಾತಾಡಿಕೊಂಡರು.

ಎಂಜಿನ್ ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಮತ್ತೆ ಜೋಡಿಸುವುದು ನಾಲ್ಕು ದಿನದ ಕೆಲಸ. ಉಳಿದ ಚಾಲಕರು ವಾರವೆಲ್ಲ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಮೇಬ್ರಿ ಮಾತ್ರ ಗಿರಣಿಯ ಕೆಲಸ ಮುಗಿಸಿ ಬಂದು, ತನ್ನದೇ ಎಂಜಿನ್ನಿನ ಮುಂದೆ ಮಂಡಿಯೂರಿ ಕೂರುತ್ತಿದ್ದ. ಸುಸ್ತಾಗುತ್ತಿತ್ತು. ಸುಸ್ತಿಗಿಂತ ಹೆಚ್ಚಾಗಿ ಅವನನ್ನು ತಿನ್ನುತ್ತಿದ್ದದ್ದು ಬೇರೆ. ಕಾರನ್ನು ಬಿಚ್ಚುವಾಗಲೆಲ್ಲ ಜನ ಬೇಲಿಗೆ ಒರಗಿ ನಿಂತು ನೋಡುತ್ತಿದ್ದರು. ಕದ್ದ ಮಾಲು ಈಗ ಹೊರಗೆ ಬರುತ್ತದೆ ಎಂದು ಕಾಯುವವರ ಹಾಗೆ.

ಒಂದು ದಿನ ಅರ್ನೆಸ್ಟೀನ್ ಹೇಳಿದಳು: "ಈ ವಾರ ಆರನೆಯವನಾಗಿ ಬಾ. ಆರನೆಯವನ ಎಂಜಿನ್ ಯಾರೂ ಬಿಚ್ಚೋದಿಲ್ಲ. ನಿನ್ನ ಕೈಗಾದರೂ ಒಂದು ವಾರ ಬಿಡುವು ಸಿಗಲಿ."

ಮೇಬ್ರಿ ಹಾಗೇ ಮಾಡಿದ. ಎರಡನೆಯ ಸ್ಥಾನದಲ್ಲಿದ್ದವನು ಕೊನೆಯ ಸುತ್ತುಗಳಲ್ಲಿ ವೇಗದ ಪೆಡಲಿನ ಮೇಲಿದ್ದ ಕಾಲು ಸಡಿಲಿಸಿದ. ಒಬ್ಬೊಬ್ಬರಾಗಿ ನಾಲ್ವರು ಅವನನ್ನು ದಾಟಿ ಹೋದರು. ಪ್ರೂಯಿಟ್ ಆ ದಿನ ಐವರಲ್ಲಿ ಯಾರ ಎಂಜಿನ್ನನ್ನೂ ಬಿಚ್ಚಿಸಲಿಲ್ಲ. "ಇವತ್ತು ಎಲ್ಲ ಸರಿಯಾಗಿದೆ" ಎಂದು ಹೇಳಿ ಮನೆಗೆ ಹೋದ.

ಗಂಡ ಹೆಂಡತಿ ವಾಪಸ್ಸು ಹೊರಟರು. ಮನೆ ಹತ್ತಿರವಾದಾಗ ಅರ್ನೆಸ್ಟೀನ್, "ನಾನು ಹೇಳಬಾರದಿತ್ತು" ಎಂದಳು.

"ನಾನು ಕೇಳಬಾರದಿತ್ತು" ಎಂದ ಮೇಬ್ರಿ. "ಅವರು ನನ್ನನ್ನ ಕಳ್ಳ ಅಂದುಕೊಂಡಿದ್ದರು, ನಾನು ಆಗಿರಲಿಲ್ಲ. ಇವತ್ತು ಆದೆ. ನನ್ನ ಓಟವನ್ನ ನಾನೇ ಕದ್ದೆ."

ಅಂದಿನಿಂದ ಅವನು ಎಂದೂ ಕಾಲು ಸಡಿಲಿಸಲಿಲ್ಲ. ಪ್ರೂಯಿಟ್ ಕೂಡ ಬಿಡಲಿಲ್ಲ. ಜುಲೈ ಮುಗಿಯುವ ಹೊತ್ತಿಗೆ ಮೇಬ್ರಿಯ ಎಂಜಿನ್ ಹನ್ನೊಂದು ಸಲ ಬಿಚ್ಚಿಸಿಕೊಂಡಿತ್ತು.

ಅದರ ಮುಂದಿನ ಪಂದ್ಯದಲ್ಲಿ ಅವನೇ ಮುಂದಿದ್ದ. ಹಿಂದೆ ಕ್ಯಾಂಟ್ರೆಲ್ ಎಂಬ ಚಾಲಕ. ಊರಿನ ಜನರ ಮುದ್ದಿನ ಹೀರೋ ಅವನು. ಅವನ ಚಿತ್ರ ಟ್ರ್ಯಾಕಿನ ಗೋಡೆಯ ಮೇಲೂ ಇತ್ತು. ಇನ್ನು ಹನ್ನೆರಡು ಸುತ್ತು ಉಳಿದಿದ್ದಾಗ ಮೇಬ್ರಿಯ ಕಾರಿನ ಮುಂಭಾಗದಿಂದ ಬಿಳಿಯ ಹಬೆ ಭುಗ್ಗೆಂದು ಎದ್ದಿತು. ಕುದಿಯುವ ನೀರು ಅವನದೇ ಚಕ್ರಗಳ ಕೆಳಗೆ ಚೆಲ್ಲಿತು. ಕಾರು ಎರಡು ಸಲ ಗಿರ್ರನೆ ತಿರುಗಿ ಗೋಡೆಗೆ ಅಪ್ಪಳಿಸಿತು.

ಅರ್ನೆಸ್ಟೀನ್ ಬೇಲಿ ಹಾರಿ ಓಡಿದಳು. ಮೇಬ್ರಿಯ ಜೀವಕ್ಕೆ ಅಪಾಯವಾಗಿರಲಿಲ್ಲ. ಹೆಗಲಿನ ಮೂಳೆ ಮುರಿದಿತ್ತು.

ಟ್ರ್ಯಾಕಿನ ಪಕ್ಕದ ಚಿಕಿತ್ಸೆಯ ಕೋಣೆಯಲ್ಲಿ ಮೇಬ್ರಿ ಮಲಗಿ, ಅರ್ನೆಸ್ಟೀನ್ ಪಕ್ಕದಲ್ಲಿ ಕುಳಿತಿದ್ದಾಗ ಪ್ರೂಯಿಟ್ ಒಳಗೆ ಬಂದ. ನಜ್ಜುಗುಜ್ಜಾದ ಕಾರನ್ನು ಆಗಷ್ಟೇ ನೋಡಿ ಬಂದಿದ್ದ. ಅವನ ಅಂಗೈಯಲ್ಲಿ ಎಂಜಿನ್ನಿನ ಮೇಲ್ಭಾಗವನ್ನು ಬಿಗಿಯುವ ಒಂದು ಬೋಲ್ಟ್ ಇತ್ತು. ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ದುಡಿದ ಪ್ರೂಯಿಟನಿಗೆ ಅದನ್ನು ನೋಡಿದ ಕೂಡಲೇ ಕಾರಣ ತಿಳಿದಿತ್ತು.

"ಬೋಲ್ಟು ಕೂರುವ ರಂಧ್ರದೊಳಗಿನ ಸುರುಳಿ ಗೆರೆ, ಥ್ರೆಡ್, ಸವೆದುಹೋಗಿದೆ" ಎಂದ ಮೆಲ್ಲಗೆ. "ಮತ್ತೆ ಮತ್ತೆ ಬಿಚ್ಚಿ ಬಿಗಿದರೆ ಹೀಗಾಗುತ್ತೆ. ಬೋಲ್ಟು ಹಿಡಿತ ಬಿಟ್ಟು, ಕುದಿಯೋ ನೀರು ಹೊರಗೆ ನುಗ್ಗಿದೆ."

ಅರ್ನೆಸ್ಟೀನ್ ಕೆರಳಿ ಎದ್ದಳು. ಮೇಬ್ರಿ ಕಣ್ಣಿನಲ್ಲೇ ಅವಳನ್ನು ತಡೆದ.

"ಹನ್ನೊಂದು ಸಲ ಬಿಚ್ಚಿಸಿದ್ದೀರಿ ಸಾರ್."

"ಪ್ರತಿ ಸಲವೂ ಕಾರಣ ಇತ್ತು."

"ಇರಬಹುದು. ಒಂದು ಮಾತು ಕೇಳ್ತೀನಿ. ನನ್ನ ಎಂಜಿನ್ನಿನ ಪ್ರತಿ ಬೋಲ್ಟೂ ನಿಮಗೆ ಗೊತ್ತು. ಕ್ಯಾಂಟ್ರೆಲ್ ಎಂಜಿನ್ ಒಳಗೆ ಹೇಗಿದೆ?"

ಪ್ರೂಯಿಟನಿಗೆ ಅದು ಗೊತ್ತಿರಲಿಲ್ಲ. ನಾಲ್ಕು ವರ್ಷದಿಂದ ಕ್ಯಾಂಟ್ರೆಲ್ ಗೆಲ್ಲುತ್ತಿದ್ದ. ಅವನ ಎಂಜಿನ್ನನ್ನು ಒಂದು ಸಲವೂ ಬಿಚ್ಚಿಸಿರಲಿಲ್ಲ. ಬಿಚ್ಚಿಸಬೇಕೆಂದು ಅನ್ನಿಸಿಯೇ ಇರಲಿಲ್ಲ.

"ನಾನು ಎಂದೂ ಸುಳ್ಳು ಅಳತೆ ಬರೆದಿಲ್ಲ" ಎಂದ ಕೊನೆಗೆ.

"ಇಲ್ಲ ಸಾರ್. ನಿಮ್ಮ ಅಳತೆಯಲ್ಲಿ ಯಾವತ್ತೂ ತಪ್ಪಿರಲಿಲ್ಲ. ಯಾರನ್ನ ಅಳೆಯೋಕೆ ಕರೀತಿದ್ದಿರೋ, ಅದರಲ್ಲಿ ತಪ್ಪಿತ್ತು."

ಪ್ರೂಯಿಟ್ ಬೋಲ್ಟನ್ನು ಮಂಚದ ಪಕ್ಕ ಇಟ್ಟ. ಆಮೇಲೆ, "ನನ್ನನ್ನ ಕ್ಷಮಿಸು" ಎಂದು ಹೇಳಿ, ಅರ್ನೆಸ್ಟೀನಳ ಮುಖ ನೋಡಲಾರದೆ ಹೊರಟುಹೋದ.

ಮರುದಿನವೇ ಅವನು ಟ್ರ್ಯಾಕಿನ ಮಾಲೀಕ ಹ್ಯಾಗರ್ಟಿಯನ್ನು ಕಂಡ. "ಇನ್ನು ಮೇಲೆ ನಾನು ಆರಿಸುವುದಿಲ್ಲ. ಐದು ಕಾರುಗಳ ಅಂಕಿಗಳನ್ನು ಚೀಟಿಯಲ್ಲಿ ಬರೆದು, ತಗಡಿನ ಡಬ್ಬಿಯಲ್ಲಿ ಹಾಕಿ, ಎಲ್ಲರ ಎದುರು ಎತ್ತುತ್ತೇನೆ. ಯಾರ ಅಂಕಿ ಬಂತೋ ಅವರ ಎಂಜಿನ್."

ಹ್ಯಾಗರ್ಟಿಗೆ ಹಿಡಿಸಲಿಲ್ಲ. "ಕ್ಯಾಂಟ್ರೆಲ್ ಅಂಕಿ ಬಂದರೆ?"

"ಬಂದರೆ ಬಿಚ್ಚಬೇಕು" ಎಂದ ಪ್ರೂಯಿಟ್.

ಏಳು ವಾರ ಕಳೆದವು. ಮೇಬ್ರಿಯ ಮೂಳೆ ಕೂಡಿತು. ಗಿರಣಿಯ ಶೆಡ್ಡಿನಲ್ಲಿ ಗಂಡ ಹೆಂಡತಿ ಸೇರಿ ಕಾರನ್ನು ಮತ್ತೆ ಎದ್ದು ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಅವನು ಟ್ರ್ಯಾಕಿಗೆ ಮರಳಿ, ಇನ್ನೂ ನೋಯುವ ಹೆಗಲಿನಲ್ಲೇ ಮೂರನೆಯವನಾಗಿ ಬಂದ.

ಪ್ರೂಯಿಟ್ ಎಲ್ಲರ ಎದುರು ಡಬ್ಬಿಗೆ ಕೈ ಹಾಕಿ ಒಂದು ಚೀಟಿ ಎತ್ತಿದ. ಬಿಡಿಸಿ ನೋಡಿದ. ಚೀಟಿ ಹಿಡಿದ ಕೈ ಮತ್ತೆ ಡಬ್ಬಿಯ ಕಡೆಗೆ ಸರಿಯತೊಡಗಿತು.

ಮೇಬ್ರಿಗೆ ಅರ್ಥವಾಯಿತು. ಮುಂದೆ ಬಂದು, "ಓದಿ ಸಾರ್" ಎಂದ.

"ಬೇಡ ಮೇಬ್ರಿ. ಇನ್ನೊಂದು ಎತ್ತುತ್ತೇನೆ. ನೀನು ಪಟ್ಟದ್ದು ಸಾಕು."

ಮೇಬ್ರಿ ಹೂಂ ಅಂದರೆ ಮುಗಿಯಿತು. ನಾಲ್ಕು ದಿನದ ಕೆಲಸ ತಪ್ಪುತ್ತದೆ, ಹೆಗಲಿಗೆ ಬಿಡುವು ಸಿಗುತ್ತದೆ. ಯಾರೂ ಅವನನ್ನು ತಪ್ಪೆನ್ನುವ ಹಾಗಿರಲಿಲ್ಲ. ಅರ್ನೆಸ್ಟೀನ್ ಅವನ ತೋಳು ಮುಟ್ಟಿದಳು.

"ನನ್ನ ಮುಖ ನೋಡಿ ಬಿಚ್ಚಿಸಿದ್ದು ತಪ್ಪಾದರೆ, ನನ್ನ ಮುಖ ನೋಡಿ ಬಿಡೋದೂ ತಪ್ಪೇ" ಎಂದ ಮೇಬ್ರಿ. "ಇವತ್ತು ಚೀಟಿಗೆ ನನ್ನ ಬಣ್ಣ ಗೊತ್ತಿರಲಿಲ್ಲ. ನನಗೆ ಅಷ್ಟು ಸಾಕು. ಓದಿ."

"ನಲವತ್ತೇಳು" ಎಂದು ಪ್ರೂಯಿಟ್ ಗಟ್ಟಿಯಾಗಿ ಓದಿದ.

ಬೇಲಿಯಾಚೆ ಯಾರೋ ನಕ್ಕರು. ಆದರೆ ಆ ನಗು ಅಲ್ಲೇ ನಿಂತುಹೋಯಿತು, ಯಾರೂ ಜೊತೆಗೂಡಲಿಲ್ಲ. ಮೇಬ್ರಿ ತಾನೇ ಎಂಜಿನ್ ಬಿಚ್ಚಿದ. ಅಳತೆ ಎಂದಿನಂತೆ ಸರಿಯಾಗಿತ್ತು. ಅವನು ಒಂದು ಕೈಯಲ್ಲಿ ಕಷ್ಟಪಟ್ಟು ಜೋಡಿಸತೊಡಗಿದಾಗ, ಆರು ತಿಂಗಳಿಂದ ಅವನೊಡನೆ ಒಂದು ಮಾತೂ ಆಡದಿದ್ದ ಇಬ್ಬರು ಚಾಲಕರು ಸ್ಪ್ಯಾನರ್ ಹಿಡಿದು ಬಂದು ಅವನ ಪಕ್ಕ ಕುಳಿತರು. "ಈ ಕಡೇದು ನಾನು ನೋಡ್ಕೋತೀನಿ" ಎಂದನೊಬ್ಬ. ಅಷ್ಟೇ ಮಾತು. ಕತ್ತಲಾಗುವವರೆಗೂ ಎದ್ದು ಹೋಗಲಿಲ್ಲ.

ಎರಡು ವಾರದ ಮೇಲೆ ಚೀಟಿಯಲ್ಲಿ ಕ್ಯಾಂಟ್ರೆಲ್ಲನ ಅಂಕಿ ಬಂತು. ಆ ದಿನ ಗೆದ್ದವನೂ ಅವನೇ. ಎಂಜಿನ್ ಬಿಚ್ಚಿ ಅಳೆದರೆ ನಿಯಮಕ್ಕಿಂತ ದೊಡ್ಡದಿತ್ತು.

ಹ್ಯಾಗರ್ಟಿ ಓಡಿ ಬಂದ. "ಇನ್ನೊಂದು ಸಲ ಅಳೆ."

"ಮೂರು ಸಲ ಅಳೆದೆ. ದೊಡ್ಡದೇ ಇದೆ" ಎಂದ ಪ್ರೂಯಿಟ್.

ಕ್ಯಾಂಟ್ರೆಲ್ಲನ ಗೆಲುವು ರದ್ದಾಯಿತು. ವಾರ ಕಳೆಯುವುದರೊಳಗೆ ಪ್ರೂಯಿಟನ ಕೆಲಸವೂ ಹೋಯಿತು. ಹೊಸದಾಗಿ ಬಂದ ಪರೀಕ್ಷಕ, ಡಬ್ಬಿ ಗಿಬ್ಬಿ ಬೇಡ, ನಾನೇ ಆರಿಸುತ್ತೇನೆ ಎಂದ. ಆಗ ಒಂಬತ್ತು ಜನ ಚಾಲಕರು ಕಾರಿನಿಂದ ಇಳಿದು ನಿಂತರು. ಡಬ್ಬಿ ಬರುವವರೆಗೆ ಎಂಜಿನ್ ಶುರು ಮಾಡುವುದಿಲ್ಲ ಎಂದರು. ಒಂಬತ್ತೇ ಜನ, ಎಲ್ಲರೂ ಅಲ್ಲ. ಆದರೆ ಒಂಬತ್ತು ಕಾರಿಲ್ಲದೆ ಪಂದ್ಯ ನಡೆಸುವುದು ಹೇಗೆ? ಡಬ್ಬಿ ಬಂತು.

ಮೇಬ್ರಿ ಕಳೆದುಕೊಂಡದ್ದನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ಅಭ್ಯಾಸ ತಪ್ಪಿದ ದಿನಗಳು ಮರಳಿ ಬರಲಿಲ್ಲ. ಮಳೆ ಮೋಡ ಕವಿದಾಗಲೆಲ್ಲ ಹೆಗಲು ನೋಯುವುದು ನಿಲ್ಲಲಿಲ್ಲ. ಅವನಲ್ಲಿ ಬಾಯಿಬಿಟ್ಟು ಕ್ಷಮೆ ಕೇಳಿದವನು ಪ್ರೂಯಿಟ್ ಒಬ್ಬನೇ.

ಅಕ್ಟೋಬರಿನ ಕೊನೆಯ ಶನಿವಾರ ಮೇಬ್ರಿ ಮತ್ತೆ ಗೆದ್ದ. ಚೀಟಿಯಲ್ಲಿ ಬೇರೊಬ್ಬನ ಅಂಕಿ ಬಂತು. ಗೆದ್ದ ಎಂಜಿನ್ ಅಂದು ಬಿಚ್ಚದೆ ಹಾಗೇ ಮನೆಗೆ ಬಂತು.

ಮರುದಿನ ಬೆಳಿಗ್ಗೆ ಅರ್ನೆಸ್ಟೀನ್ ಎದ್ದು ನೋಡಿದರೆ ಅವನು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

"ಏನು ಮಾಡ್ತಿದ್ದೀಯ?" ಎಂದಳು.

"ಏನೂ ಇಲ್ಲ" ಎಂದ.

ಆ 'ಏನೂ ಇಲ್ಲ' ಎನ್ನುವ ಒಂದು ಭಾನುವಾರವನ್ನು ಗಳಿಸುವುದಕ್ಕೆ ಅವರಿಗೆ ಏಳು ತಿಂಗಳು ಹಿಡಿದಿತ್ತು. ಅವಳು ಅವನ ಪಕ್ಕದಲ್ಲಿ ಕುಳಿತಳು. ಬಿಸಿಲು ಏರುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.

ನೀತಿ

ಸರಿಯಾಗಿ ಅಳೆದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ. ಎಲ್ಲರನ್ನೂ ಒಂದೇ ರೀತಿ ಅಳೆದರೆ ಮಾತ್ರ ನ್ಯಾಯ. ಒಬ್ಬನನ್ನೇ ಮತ್ತೆ ಮತ್ತೆ ಪರೀಕ್ಷಿಸುವ ಮುನ್ನ, ಉಳಿದವರನ್ನು ನಾವು ಏಕೆ ಪರೀಕ್ಷಿಸುತ್ತಿಲ್ಲ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.